ಪರದೆಯ ನಡುವೆ ಲಗ್ನಪತ್ರಿಕೆ

ವೆಬ್ ಪುಟದಲ್ಲಿ ಅಡ್ಡಕ್ಕೆ ಮಧ್ಯ ಮಾಡುವುದು ಸುಲಭ. ಅದನ್ನು ನಾವು ಮೊದಲ ವಾರದಲ್ಲೇ ಕಲಿತುಬಿಟ್ಟಿದ್ದೆವು. ಸೆಂಟರ್ ಎಂದು ಒಂದು ಪದ ಬರೆದರೆ ಸಾಕು, ಅಕ್ಷರವಾಗಲಿ ಚಿತ್ರವಾಗಲಿ ಎಡಕ್ಕಿಷ್ಟು ಬಲಕ್ಕಿಷ್ಟು ಸಮ ಜಾಗ ಬಿಟ್ಟು ಪುಟದ ನಡುವೆ ಬಂದು ನಿಲ್ಲುತ್ತಿತ್ತು. ಮೇಲಿನಿಂದ ಕೆಳಕ್ಕೆ ಮಧ್ಯ ಮಾಡುವುದು ಬೇರೆಯದೇ ಮಾತು. ಹಾಸನದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಅದಕ್ಕೆ ನಮಗೆ ಹದಿನೈದು ದಿನ ಹಿಡಿಯಿತು. ಅದರ ಮೇಲೆ ಒಬ್ಬ ಹುಡುಗಿಯ ಕೆಲಸ ನಿಂತಿತ್ತು.

ಎರಡು ಸಾವಿರದ ನಾಲ್ಕನೇ ಇಸವಿಯ ಆಸುಪಾಸು. ನಮ್ಮವರು ನೀರಾವರಿ ಇಲಾಖೆಯಲ್ಲಿದ್ದರು, ಬೆಳಗಿನ ಗೊರೂರು ಬಸ್ಸಿಗೆ ಹೊರಟುಬಿಡುತ್ತಿದ್ದರು. ಮಕ್ಕಳು ಸ್ಕೂಲಿಗೆ. ಹನ್ನೊಂದರಿಂದ ಒಂದರವರೆಗೆ ಮನೆಯಲ್ಲಿ ನಾನು ಮತ್ತು ಕುಕ್ಕರು ತಣ್ಣಗಾಗುವ ಸದ್ದು. ಅದೇ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹತ್ತಿರದ ಸೆಂಟರಿನಲ್ಲಿ ಲೇಡೀಸ್ ಬ್ಯಾಚ್ ಎಂದು ಬೋರ್ಡು ಹಾಕಿದ್ದರು. ಹೋಗಿ ಸೇರಿಕೊಂಡೆ. ದೊಡ್ಡ ಕಾರಣವೇನೂ ಇರಲಿಲ್ಲ.

ಸೆಂಟರು ಒಂದು ಪಾತ್ರೆ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತಿ ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಎಂಟು ಕಂಪ್ಯೂಟರು, ಎಂಟಕ್ಕೂ ಒಂದೇ ಥಾನಿನ ಹೂವಿನ ಬಟ್ಟೆಯಲ್ಲಿ ಹೊಲಿಸಿದ ಕವರು. ಕಲಿಸುವವರು ಇಬ್ಬರು. ಒಬ್ಬರು ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಸರ್. ಮೂವತ್ತು ದಾಟಿದ್ದರು, ಮೆಲುಮಾತು, ಊಟದ ಡಬ್ಬಿಯನ್ನು ಕಿಟಕಿಯ ಬಿಸಿಲಿನಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಇನ್ನೊಬ್ಬಳು ಬೂವನಹಳ್ಳಿ ಕಡೆಯ ಒಕ್ಕಲಿನ ಮನೆಯ ಹುಡುಗಿ, ಇಪ್ಪತ್ತಮೂರು ವರ್ಷದವಳು. ನಮ್ಮ ಬ್ಯಾಚು ಅವಳದು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಎದುರಿಗೆ ನಿಂತು ಪಾಠ ಹೇಳುವ ಹೆಂಗಸು ಯಾರೇ ಆಗಲಿ, ಬಾಯಿಗೆ ಮಿಸ್ ಎಂದೇ ಬರುತ್ತದೆ. ಅವಳಿಗೆ ಅದು ಮುಜುಗರ.

"ನನ್ನ ಮಿಸ್ ಅನ್ಬೇಡಿ ಆಂಟಿ. ನಮ್ಮವ್ವ ಕೇಳಿಸ್ಕಂಡ್ರೆ ನಗ್ತಾಳೆ."

"ಮತ್ತೇನನ್ನಲಿ ಮಿಸ್?"

ಅವಳು ಅಲ್ಲಿಗೆ ಆ ಮಾತು ಬಿಟ್ಟಳು.

ಆ ವರ್ಷ ಸೆಂಟರಿಗೆ ಸೇರುವವರು ಕಡಿಮೆಯಾಗಿದ್ದರು. ಯಜಮಾನರು, ಅಂದರೆ ಸೆಂಟರಿನ ಮಾಲೀಕರು, ಇಬ್ಬರನ್ನೂ ಕರೆದು ಇನ್ನು ಒಬ್ಬರನ್ನೇ ಇಟ್ಟುಕೊಳ್ಳಲು ಸಾಧ್ಯ ಎಂದು ಹೇಳಿದ್ದರಂತೆ. ಮಿಸ್ ಇದನ್ನು ನನಗೆ ನೀರಿನ ಫಿಲ್ಟರಿನ ಹತ್ತಿರ ಲೋಟ ಹಿಡಿದುಕೊಂಡು ಹೇಳಿದಳು, ಬಸ್ಸು ತಡವಾಯಿತು ಎನ್ನುವ ಹಾಗೆ. ಕೆಲಸ ಇರುವವರೆಗೆ ಮನೆಯಲ್ಲಿ ಗಂಡು ನೋಡುವ ಮಾತು ಎತ್ತುವುದಿಲ್ಲ ಎಂದು ಅವಳ ಅಪ್ಪ ಮಾತು ಕೊಟ್ಟಿದ್ದರು. ಅಂಚೆಯ ಮೂಲಕ ಕಟ್ಟಿದ ಡಿಗ್ರಿ ಇನ್ನೂ ಒಂದು ವರ್ಷ ಬಾಕಿ.

"ಕೆಲ್ಸ ಹೋದ ವಾರಕ್ಕೇ ಹೊಳೆನರಸೀಪುರದಿಂದ ಒಂದು ಗಂಡು ಬತ್ತದೆ ಆಂಟಿ. ಆಗ್ಲೇ ಜಾತಕ ಬಂದೈತೆ. ಪಂಚಾಂಗದೊಳಗೆ ಮಡಗವ್ರೆ."

"ನನ್ನ ತವರೂರು ಹೊಳೆನರಸೀಪುರವೇ. ಊರೇನೂ ಕೆಟ್ಟದ್ದಲ್ಲ" ಎಂದೆ.

"ಊರಿಗೆ ನಾನೇನಂದೆ," ಎಂದು ಲೋಟ ಬೋರಲು ಹಾಕಿದಳು.

ಯಾರನ್ನು ಇಟ್ಟುಕೊಳ್ಳುವುದು ಎಂದು ತೀರ್ಮಾನ ಮಾಡಲು ಯಜಮಾನರಿಗೆ ಒಂದು ಕೆಲಸ ತಾನಾಗಿಯೇ ಒದಗಿ ಬಂತು. ಚನ್ನರಾಯಪಟ್ಟಣದಲ್ಲಿ ಹೊಸದಾಗಿ ಛತ್ರ ಕಟ್ಟಿಸಿದ ಗೌಡರೊಬ್ಬರು ಅದಕ್ಕೆ ವೆಬ್‌ಸೈಟು ಬೇಕೆಂದು ಬಂದರು. ಅರಕಲಗೂಡಿನ ಸರ್ ಆಗಲೇ ಒಂದು ಮಾದರಿ ಮಾಡಿ ತೋರಿಸಿದ್ದರು. ಗೌಡರಿಗೆ ಅದು ಹಿಡಿಸಲಿಲ್ಲ.

"ಎಲ್ಲಾ ಮೇಲಕ್ಕೇ ಕಚ್ಕಂಡೈತಲ್ಲ ಸಾ. ಸೂರಿಗೆ ಹಲ್ಲಿ ಕಚ್ಕಂಡಂಗೆ. ಕೆಳಗೆ ಅಷ್ಟಗಲ ಬಯಲು."

ಆಮೇಲೆ ಅವರು ರೆಕ್ಸಿನ್ ಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದರು. ನಾಲ್ಕು ಮೂಲೆಗೂ ಅರಿಶಿನ ಸವರಿದ್ದ ಕಾರ್ಡು. ಅದನ್ನು ಕೈಯಾರೆ ಮಾನಿಟರಿನ ಗಾಜಿನ ಮೇಲೆ ಒತ್ತಿ ಹಿಡಿದರು.

"ಇಂಗೆ. ನಡುಮಧ್ಯಕ್ಕೆ. ತಟ್ಟೇಲಿ ಪತ್ರಿಕೆ ಮಡಗಿ ಕರೆಯಕ್ಕೆ ಬಂದವ್ರೆ ಅನ್ನಂಗಿರ್ಬೇಕು. ಮೇಲೆ ಎಷ್ಟೋ ಕೆಳಗೂ ಅಷ್ಟೇ."

ಅವರು ಹೋದ ಮೇಲೆ ಗಾಜಿನ ಮೇಲೆ ನಾಲ್ಕು ಹಳದಿ ಗುರುತು ಉಳಿದವು. ಯಜಮಾನರು ಮಿಸ್ ಕಡೆ ತಿರುಗಿ, "ಇದನ್ನ ನೀನು ಮಾಡಮ್ಮ. ಗೌಡರು ಒಪ್ಪಿದ್ರೆ ನೀನಿರು. ಒಪ್ಪಲಿಲ್ಲ ಅಂದ್ರೆ ಸರ್ ಇರಲಿ, ಸೀನಿಯರು" ಎಂದರು. ಸರ್ ಅಲ್ಲೇ ನಿಂತಿದ್ದರು. ಕರವಸ್ತ್ರ ತೆಗೆದು ಗಾಜಿನ ಮೇಲಿನ ಅರಿಶಿನ ಒರೆಸಿದರು.

ಮಿಸ್ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಪುಟದಲ್ಲಿ ಯಾವುದು ಎಲ್ಲಿ ಹೇಗಿರಬೇಕು ಎಂದು ಹೇಳುವ ಸಿಎಸ್‌ಎಸ್‌ನಲ್ಲಿ ವರ್ಟಿಕಲ್ ಅಲೈನ್ ಮಿಡ್ಲ್ ಎಂದು ಒಂದು ಸಾಲು ಇದೆ. ಹೆಸರು ನೋಡಿದರೆ ಇದಕ್ಕೆಂದೇ ಹುಟ್ಟಿದ ಹಾಗಿದೆ. ಬರೆದಳು, ಸೇವ್ ಮಾಡಿದಳು, ಪುಟ ತೆರೆದಳು. ಛತ್ರದ ವಿವರವೆಲ್ಲ ಇಡಬೇಕಾದ ಚೌಕ ಇದ್ದಲ್ಲೇ ಇತ್ತು. ಅಕ್ಷರ ಅಕ್ಷರ ನೋಡಿ ಮತ್ತೆ ಬರೆದಳು. ಆಗಲೂ ಅಲುಗಲಿಲ್ಲ.

ನನಗೆ ಹೊಳೆದದ್ದು ಗೃಹಿಣಿಯ ಉಪಾಯ. ಮೇಲೆ ಖಾಲಿ ಸಾಲುಗಳನ್ನು ಹಾಕುತ್ತ ಹೋದರೆ ಚೌಕ ತಾನಾಗಿ ಕೆಳಗಿಳಿಯುತ್ತದಲ್ಲ. ಐದು ಹಾಕಿದೆವು, ಏಳು ಹಾಕಿದೆವು, ಒಂಬತ್ತಕ್ಕೆ ಸರಿಯಾಗಿ ಮಧ್ಯಕ್ಕೆ ಬಂತು. ಪಕ್ಕದ ಕಂಪ್ಯೂಟರಿನಲ್ಲಿ ತೆರೆದರೆ ಕೆಳಗೆ ಕುಸಿದಿತ್ತು. ಅದರ ಪರದೆಯ ಅಳತೆಯನ್ನು ಯಾರೋ ಬದಲಾಯಿಸಿದ್ದರು.

"ನಮ್ಮ ಅಳತೆಗೆ ಹೊಲಿದ ರವಿಕೆ ಪಕ್ಕದ್ಮನೆಯವ್ರಿಗೆ ಹಾಕಿದಂಗಾಯ್ತು," ಎಂದಳು ಮಿಸ್.

ಇದು ಯಾಕೆ ಇಷ್ಟು ಕಷ್ಟ ಎಂದು ನಾನು ಕೇಳಿದೆ. ಪುಟದ ಅಗಲ ಮೊದಲೇ ಗೊತ್ತಿರುತ್ತದೆ, ಉದ್ದ ಗೊತ್ತಿರುವುದಿಲ್ಲ ಎಂದು ಅವಳು ವಿವರಿಸಿದಳು. ಬರೆದಷ್ಟೂ ಕೆಳಕ್ಕೆ ಬೆಳೆಯುತ್ತದೆ. ಅದು ನನಗೆ ಕೂಡಲೇ ಅರ್ಥವಾಯಿತು. ಬಟ್ಟೆ ಅಂಗಡಿಯಲ್ಲಿ ಥಾನಿನ ಪನ್ನ, ಅಂದರೆ ಅಗಲ, ಇಷ್ಟು ಎಂದು ಹೇಳಬಹುದು, ನಡು ಯಾವುದು ಎಂದು ಬೆರಳಿಟ್ಟು ತೋರಿಸಲೂಬಹುದು. ಉದ್ದದ ನಡು ಯಾವುದೆಂದು ಕೇಳಿದರೆ ಅಂಗಡಿಯವನು, ಮೊದಲು ಎಷ್ಟು ಮೀಟರ್ ಕತ್ತರಿಸಲಿ ಹೇಳಿ ಎನ್ನುತ್ತಾನೆ. ಕತ್ತರಿಸುವ ತನಕ ಅದಕ್ಕೆ ನಡುವೇ ಇಲ್ಲ.

ಅರಕಲಗೂಡಿನ ಸರ್ ಒಂದು ದಿನ ನಮ್ಮ ಹಿಂದೆ ಬಂದು ನಿಂತು, "ಒಂದೇ ಮನೆಯ, ಅಂದ್ರೆ ಒಂದೇ ಖಾನೆಯ ಟೇಬಲ್ ಹಾಕಿಬಿಡಿ. ಅದರೊಳಗಿಟ್ಟರೆ ಮಧ್ಯಕ್ಕೆ ಬರುತ್ತೆ. ನನ್ನ ಮಾದರಿಗೆ ಅಷ್ಟು ಪುರುಸೊತ್ತು ಮಾಡ್ಕೊಳ್ಳಲಿಲ್ಲ" ಎಂದರು.

ಮಿಸ್ ತಿರುಗಿಯೂ ನೋಡಲಿಲ್ಲ. "ಟೇಬಲ್ ಇರೋದು ಮಾರ್ಕ್ಸ್ ಪಟ್ಟಿಗೆ ಸರ್. ಪುಟ ಕಟ್ಟಾಕಲ್ಲ."

ಇದು ಅವಳ ಪಟ್ಟು. ಇಂಟರ್ನೆಟ್ಟಿನಿಂದ ಪ್ರಿಂಟ್ ತೆಗೆದ ಹಾಳೆಗಳನ್ನು ದಾರದಲ್ಲಿ ಪೋಣಿಸಿಟ್ಟುಕೊಂಡಿದ್ದಳು. ಟೇಬಲ್ಲಿನಲ್ಲಿ ಪುಟ ಕಟ್ಟುವುದು ಹಳೆಯ ಕಾಲದ ಕೆಲಸ, ಇನ್ನು ಮೇಲೆ ಎಲ್ಲ ಸಿಎಸ್‌ಎಸ್ ಎಂದು ಆ ಹಾಳೆಗಳು ಹೇಳುತ್ತಿದ್ದವು. ಸರ್ ಹಳೆಯ ಕಾಲದವರು ಎಂದು ಅವಳೂ ಒಂದೆರಡು ಸಲ ನಮ್ಮ ಬ್ಯಾಚಿನಲ್ಲಿ ಅಂದಿದ್ದಳು. ಹೆಂಗಸರು ನಕ್ಕಿದ್ದರು. ನಾನೂ ನಕ್ಕಿದ್ದೆ.

ಆ ಹಾಳೆಗಳಲ್ಲೇ ಕೊನೆಗೆ ಒಂದು ದಾರಿ ಸಿಕ್ಕಿತು. ಚೌಕದ ತಲೆಯನ್ನು ಪರದೆಯ ಐವತ್ತು ಪರ್ಸೆಂಟಿಗೆ ಇಡುವುದು. ಆಮೇಲೆ ಮೇಲಿನ ಮಾರ್ಜಿನ್ನಿಗೆ ಮೈನಸ್ ಹಾಕಿ, ಚೌಕದ ಅರ್ಧ ಎತ್ತರದಷ್ಟು ಮೇಲಕ್ಕೆ ಎಳೆಯುವುದು. ಮಿಸ್‌ಗೆ ಆ ಮೈನಸ್ ಒಪ್ಪಿಗೆಯಾಗಲಿಲ್ಲ. ಜಾಗ ಬಿಡುವುದಕ್ಕೆ ಮಾರ್ಜಿನ್ನು, ಇಲ್ಲದ ಜಾಗವನ್ನು ಬಿಡುವುದು ಹೇಗೆ ಎಂದು ಪೆನ್ಸಿಲ್ ಕಚ್ಚಿಕೊಂಡು ಕುಳಿತಳು.

ನಾನು ಕಸೂತಿಯಲ್ಲಿ ಇದನ್ನು ಮಾಡಿದ್ದೆ. ಕಾನ್ವೆಂಟಿನಲ್ಲಿ ಹೊಲಿಗೆಯ ಸಿಸ್ಟರ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಸಿ, ಮಡಿಕೆ ಸೇರುವಲ್ಲಿ ಗುಂಡುಸೂಜಿ ಚುಚ್ಚಿಸುತ್ತಿದ್ದರು. ಅಲ್ಲಿಂದ ಹೊಲಿಗೆ ಶುರು. ಏಳನೇ ಕ್ಲಾಸಿನಲ್ಲಿ ನಾನು ಆ ಗುಂಡುಸೂಜಿಯಿಂದಲೇ ಹಂಸದ ತಲೆ ಶುರು ಮಾಡಿದೆ. ಇಡೀ ಹಂಸ ಬಟ್ಟೆಯ ಕೆಳಭಾಗಕ್ಕೆ ಹೋಗಿ ಕುಳಿತಿತು, ಮುಳುಗುತ್ತಿರುವ ಹಾಗೆ. ಸಿಸ್ಟರ್ ಬೈಯಲಿಲ್ಲ. ಬಟ್ಟೆಯ ನಡುವಿಗೆ ಹಂಸದ ನಡು ಬರಬೇಕು, ತಲೆ ಅಲ್ಲ ಎಂದರು. ತಲೆಯನ್ನು ಸೂಜಿಯಿಂದ ಅರ್ಧ ಹಂಸದಷ್ಟು ಮೇಲಕ್ಕೆ ಎತ್ತಬೇಕು.

ಇದನ್ನು ಹೇಳಿದಾಗ ಮಿಸ್ ಹಾಳೆಯ ಅಂಚಿನಲ್ಲಿ ಒಂದು ಚೌಕ ಬರೆದು ಅದರ ನಡುವಿಗೆ ಚುಕ್ಕೆ ಇಟ್ಟಳು. ಆಮೇಲೆ ಪೆನ್ಸಿಲ್ ಇಟ್ಟು, "ಇಷ್ಟೇನಾ" ಎಂದಳು. ಚೌಕದ ಎತ್ತರ ನಾನೂರ ಎಂಬತ್ತು ಪಿಕ್ಸೆಲ್, ಮೈನಸ್ ಇನ್ನೂರ ನಲವತ್ತು. ಪುಟ ತೆರೆದಳು. ಚೌಕ ನಡುವೆ ಬಂದು ನಿಂತಿತ್ತು. ಕಿಟಕಿಯ ಅಳತೆ ಚಿಕ್ಕದು ದೊಡ್ಡದು ಮಾಡಿದರೂ ಅದು ತಾನೇ ಸರಿದು ನಡುವಿಗೆ ಬರುತ್ತಿತ್ತು. ನಮ್ಮ ಬ್ಯಾಚಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಮೌಸು ಹಿಡಿದು ಎಳೆದು ನೋಡಿದರು.

ಆ ಚೌಕದೊಳಗೆ ಏನೇನು ಇರಬೇಕು ಎಂಬಲ್ಲಿ ನಾನು ಬಾಯಿ ಹಾಕಿದೆ. ಛತ್ರದ ಫೋಟೋ, ವಿವರ, ಫೋನ್ ನಂಬರು ಸರಿ. ಅವುಗಳ ಮೇಲೆ ಗೌಡರ ಮನೆದೇವರು ನರಸಿಂಹಸ್ವಾಮಿಯ ಪುಟ್ಟ ಚಿತ್ರ, ಅದರ ನೆತ್ತಿಗೆ ಶ್ರೀ ಲಕ್ಷ್ಮೀನರಸಿಂಹ ಪ್ರಸನ್ನ ಎಂಬ ಸಾಲು.

"ದೇವ್ರನ್ನ ಚೌಕದಿಂದ ಆಚೆಗೆ, ಪುಟದ ತಲೇಲಿ ಇಡಣ್ವಾ ಆಂಟಿ?" ಎಂದು ಅವಳು ಕೇಳಿದ್ದು ನಿಜ.

"ಬೇಡ ಮಿಸ್. ಲಗ್ನಪತ್ರಿಕೆ ಅಂದಮೇಲೆ ದೇವರು ಪತ್ರಿಕೆಯೊಳಗೇ ಇರಬೇಕು. ಹೊರಗಿಟ್ಟರೆ ದೇವರು ಬೇರೆ ಮದುವೆ ಬೇರೆ ಆದಹಾಗೆ" ಎಂದೆ. ನಮ್ಮ ಮನೆತನದಲ್ಲಿ ಪತ್ರಿಕೆಯ ಕರಡು ತಿದ್ದುವುದೆಂದರೆ ಮೂರು ದಿನದ ಕೆಲಸ; ಆ ಅಧಿಕಾರ ನನ್ನ ದನಿಯಲ್ಲಿ ಇದ್ದಿರಬೇಕು. ಅವಳು ಒಪ್ಪಿ ಒಳಗಿಟ್ಟಳು.

ಪುಟವನ್ನು ಇಂಟರ್ನೆಟ್ಟಿಗೆ ಏರಿಸಿದ ಮಾರನೇ ದಿನ ಗೌಡರ ಫೋನು ಬಂತು. ಯಜಮಾನರು ಎರಡು ಸಲ ಹೌದಾ ಎಂದರು, ಒಂದು ಸಲ ಇಲ್ಲ ಇಲ್ಲ ಎಂದರು, ರಿಸೀವರ್ ಇಟ್ಟರು.

"ದೇವರ ತಲೆ ಹಾರಿಸಿದ್ದೀರಂತಲ್ಲಮ್ಮ. ಕಿರೀಟನೇ ಇಲ್ವಂತೆ. ಮದುವೆ ಛತ್ರಕ್ಕೆ ಮೊದಲು ಕಾಣೋದೇ ಮುಂಡ ಅಂತ ಕೂಗ್ತಾ ಇದ್ದಾರೆ."

ಮಿಸ್ ಇಲ್ಲಿಯ ಎಂಟೂ ಕಂಪ್ಯೂಟರಿನಲ್ಲಿ ಪುಟ ತೆರೆದು ತೋರಿಸಿದಳು. ಎಂಟರಲ್ಲೂ ಸ್ವಾಮಿ ಕಿರೀಟ ಸಮೇತ ಇದ್ದರು. ಯಜಮಾನರಿಗೆ ಅದು ಬೇಕಿರಲಿಲ್ಲ. "ನನಗೆ ಇಲ್ಲಿ ಕಂಡರೆ ಏನು ಬಂತು? ಅವರಿಗೆ ಅಲ್ಲಿ ಕಾಣಬೇಕು." ಬೈಗುಳ ಪೂರ್ತಿ ಅವಳಿಗೇ ಹೋಯಿತು. ದೇವರನ್ನು ಒಳಗಿಡು ಎಂದವಳು ನಾನು ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂಬ ಸಿಸ್ಟರುಗಳ ಪಾಠ, ಅನುಕೂಲವಾದಾಗ ಚೆನ್ನಾಗಿ ನೆನಪಾಗುತ್ತದೆ.

ಅವಳು ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿ ಚನ್ನರಾಯಪಟ್ಟಣಕ್ಕೆ ಹೊರಟಳು. ನಾನೂ ಬರುತ್ತೇನೆ ಎಂದೆ. ಬಸ್ಸಿನಲ್ಲಿ ಟಿಕೆಟ್ ಆದ ಮೇಲೆ ಹೇಳಿದೆ.

"ಒಳಗಿಡು ಅಂದವಳು ನಾನು. ಯಜಮಾನರಿಗೆ ಹೇಳ್ತೀನಿ."

"ಹೇಳಿದ್ದು ನೀವು, ಟೈಪ್ ಮಾಡಿದ್ದು ನಾನು ಆಂಟಿ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಗೌಡರು ಪುಟ ನೋಡಿದ್ದು ಅಲ್ಲಿಯ ಬಸ್‌ಸ್ಟ್ಯಾಂಡಿನ ಎದುರಿನ ಸೈಬರ್ ಕೆಫೆಯಲ್ಲಿ. ಪ್ಲೈವುಡ್ಡಿನ ಅಡ್ಡಗೋಡೆ ಹಾಕಿ ಗೂಡುಗಳಂತೆ ಮಾಡಿದ್ದರು. ಗೌಡರು ಒಂದು ಗೂಡಿನಲ್ಲಿ ತಮ್ಮ ಮೈಗೆ ಸಾಲದ ಕುರ್ಚಿಯಲ್ಲಿ ಕುಳಿತು ನಮ್ಮನ್ನು ಕಾಯುತ್ತಿದ್ದರು.

"ಬನ್ನಿ ಬನ್ನಿ. ನೀವೇ ನೋಡಿ, ನಾನೇನ್ ಸುಳ್ಳೇಳ್ತಿಲ್ಲ."

ನಿಜವೇ. ಪ್ರಸನ್ನ ಎಂಬ ಸಾಲು ಇರಲಿಲ್ಲ. ಸ್ವಾಮಿಯ ಹಣೆಯಿಂದ ಮೇಲಕ್ಕೆ ಏನೂ ಇರಲಿಲ್ಲ. ಅದು ಹಳೆಯ ಚಿಕ್ಕ ಮಾನಿಟರು; ಸಾಲದ್ದಕ್ಕೆ ಬಂದುಹೋದವರೆಲ್ಲ ಸೇರಿಸಿದ ಟೂಲ್‌ಬಾರ್ ಪಟ್ಟಿಗಳು ಪರದೆಯ ಮೇಲ್ಭಾಗದಲ್ಲಿ ಒಂದರ ಕೆಳಗೊಂದು ಅಟ್ಟಿಯಾಗಿದ್ದವು. ಪುಟಕ್ಕೆ ಉಳಿದದ್ದು ಅಂಗೈಯಗಲ. ಚೌಕ ಆ ಜಾಗಕ್ಕಿಂತ ಎತ್ತರ. ಆದರೂ ಅದು ಹೇಳಿದಂತೆ ತನ್ನ ಅರ್ಧ ಎತ್ತರ ಮೇಲಕ್ಕೆ ಹೋಗಿತ್ತು, ಪರದೆ ಮುಗಿದರೂ ನಿಂತಿರಲಿಲ್ಲ.

"ಮೇಲಕ್ಕೆ ಎಳೀರಿ ಸಾ, ಬತ್ತದೆ," ಎಂದಳು ಮಿಸ್.

"ಬೆಳಗ್ಗಿಂದ ಎಳೀತಾವ್ನಿ ಕಣವ್ವ. ಕೆಳಕ್ಕೆ ಬೇಕಾದ್ರೆ ಹೋಯ್ತದೆ. ಮೇಲಕ್ಕೆ ದಾರಿನೇ ಇಲ್ಲ."

ಪಕ್ಕದ ಗೂಡಿನಿಂದ ಒಂದು ಗಂಡುದನಿ, "ಸ್ವಾಮಿ ಗೋಪುರ ಬುಟ್ಟು ಈಚೆಗೆ ಬರಲ್ವಂತೆ ಬುಡಿ ಗೌಡ್ರೆ" ಎಂದಿತು.

"ನಿನ್ ಕೆಲ್ಸ ನೋಡ್ಕಳಲೇ," ಎಂದರು ಗೌಡರು. ಆಮೇಲೆ ನಮ್ಮ ಕಡೆ ತಿರುಗಿ ದನಿ ತಗ್ಗಿಸಿದರು. "ಮಂಗಳಕಾರ್ಯದ ಜಾಗ ಕಣವ್ವ. ನಮ್ಮೆಂಗಸ್ರು ನೋಡಿದ್ರೆ ಊಟ ಬುಡ್ತಾರೆ. ಆ ಮೇಷ್ಟ್ರದ್ದೇ ವಾಸಿಯಾಗಿತ್ತು, ಮೇಲಕ್ಕೆ ಕಚ್ಕಂಡಿದ್ರೂ ತಲೆನಾದ್ರೂ ಇತ್ತು."

ನಾನು ಮಿಸ್‌ನ ಕೈ ನೋಡಿದೆ. ಕೀಬೋರ್ಡಿನ ಅಂಚಿನ ಧೂಳನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಎತ್ತರ ಕಡಿಮೆ ಮಾಡಿದ್ರೆ?" ಎಂದೆ ಮೆಲ್ಲಗೆ.

"ಇಲ್ಲಿಗೆ ಸರಿಹೋಯ್ತದೆ. ಇನ್ನೂ ಚಿಕ್ಕದು ಇನ್ನೊಂದು ಕಡೆ ಇರ್ತದೆ. ಎಲ್ಲಿ ಅಂತ ಹೋಗಣ?"

ಇನ್ನೂ ಸ್ವಲ್ಪ ಹೊತ್ತು ಕೆರೆದಳು. ಆಮೇಲೆ ಗೌಡರನ್ನು ಏಳಿಸಿ ಕುರ್ಚಿಯಲ್ಲಿ ಕುಳಿತಳು. ಫ್ಲಾಪಿ ಹಾಕಿ, ನೋಟ್‌ಪ್ಯಾಡಿನಲ್ಲಿ ಪುಟ ತೆರೆದು, ಐವತ್ತು ಪರ್ಸೆಂಟ್, ಮೈನಸ್, ಎಲ್ಲವನ್ನೂ ಅಳಿಸಿದಳು. ಹದಿನೈದು ದಿನದ ಕೆಲಸ ಹೋಗಲು ಅರ್ಧ ನಿಮಿಷ ಸಾಕಾಯಿತು. ಆ ಜಾಗದಲ್ಲಿ ಟೇಬಲ್ ಎಂದು ಬರೆದಳು. ಒಂದು ಸಾಲು, ಒಂದು ಮನೆ, ಎತ್ತರ ನೂರು ಪರ್ಸೆಂಟ್, ಒಳಗಿನದು ಮಧ್ಯಕ್ಕೆ. ಬೆರಳುಗಳು ಎಲ್ಲೂ ತಡವರಿಸಲಿಲ್ಲ. ಅವಳಿಗೆ ಇದು ಮೊದಲಿನಿಂದಲೂ ಚೆನ್ನಾಗಿ ಗೊತ್ತಿತ್ತು.

ಟೇಬಲ್ಲಿನ ಗುಣವೇ ಬೇರೆ. ಅದು ಗೋಡೆಯಿರುವ ಕೋಣೆ. ಒಳಗೆ ಜಾಗವಿದ್ದರೆ ವಸ್ತುವನ್ನು ನಡುವೆ ನಿಲ್ಲಿಸುತ್ತದೆ. ಜಾಗ ಸಾಲದಿದ್ದರೆ ಮೇಲಿನ ಗೋಡೆ ಕದಲದೆ ಕೆಳಗಿನ ಗೋಡೆ ಇಳಿಯುತ್ತದೆ. ಪುಟ ಮತ್ತೆ ತೆರೆದಾಗ ಪರದೆಯ ನೆತ್ತಿಯಲ್ಲಿ ಪ್ರಸನ್ನ ಎಂಬ ಸಾಲು, ಅದರ ಕೆಳಗೆ ಕಿರೀಟ, ಅದರ ಕೆಳಗೆ ಸ್ವಾಮಿ. ಛತ್ರದ ಫೋಟೋ ಅರ್ಧ ಕಂಡಿತು.

"ಕೆಳಗಡೆ ಹೋತಲ್ಲವ್ವ?"

"ಎಳೀರಿ ಸಾ."

ಗೌಡರು ಎಳೆದರು. ಫೋಟೋ ಬಂತು, ಫೋನ್ ನಂಬರು ಬಂತು. ಮತ್ತೆ ಮೇಲಕ್ಕೆ ಎಳೆದರು, ಕಿರೀಟ ಬಂತು. ಹೀಗೆ ನಾಲ್ಕಾರು ಸಲ ಮಾಡಿದರು.

"ಕಾಲು ಕೆಳಗೆ ಹೋದ್ರೂ ಚಿಂತಿಲ್ಲ, ತಲೆ ಕಾಣ್ಬೇಕು. ಇದು ಸರಿ. ದೊಡ್ಡ ಪರದೇಲಿ ನಡುವ್ಕೆ ಕುಂತ್ಕತ್ತದಾ?"

"ಕುಂತ್ಕತ್ತದೆ ಸಾ."

"ಆಯ್ತು ಬುಡು. ನಿಮ್ ಯಜಮಾನ್ರಿಗೆ ನಾನೇಳ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ನೀವ್ಯಾರವ್ವ, ಇವಳ ದೊಡ್ಡಮ್ಮನಾ?" ಎಂದರು.

"ಸ್ಟೂಡೆಂಟು," ಎಂದಳು ಮಿಸ್. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಮರುದಿನ ನಾನು ಹನ್ನೊಂದಕ್ಕೆ ಮೊದಲೇ ಹೋಗಿ ಯಜಮಾನರಿಗೆ, ತಪ್ಪು ನನ್ನದು ಎಂದು ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. "ಇರಲಿ ಬಿಡಿ ಮೇಡಂ. ಗೌಡರು ಒಪ್ಪಿದ್ದಾರೆ. ಬಸ್ ಹತ್ತಿ ಬಂದು ಕೂತು ಸರಿಮಾಡಿಕೊಟ್ಟ ಹುಡುಗಿ ಇರಲಿ ಅಂತ ಅವರೇ ಅಂದ್ರು. ಹಾಗೇ ಆಗಲಿ" ಎಂದರು. ಹೇಳುವುದು ತಡವಾಗಿದ್ದರಿಂದ ನನ್ನ ಮಾತಿನಿಂದ ಯಾರಿಗೂ ಏನೂ ಆಗಲಿಲ್ಲ.

ಮಿಸ್‌ಗೆ ಒಂದು ವರ್ಷ ಸಿಕ್ಕಿತು. ಹೊಳೆನರಸೀಪುರದ ಜಾತಕ ವಾಪಸು ಹೋಯಿತೆಂದು ಅವಳೇ ಹೇಳಿದಳು.

ಅರಕಲಗೂಡಿನ ಸರ್ ಆ ತಿಂಗಳ ಕೊನೆಯ ಶನಿವಾರ ತಮ್ಮ ಫ್ಲಾಪಿ ಡಬ್ಬಿ ತೆಗೆದುಕೊಂಡು ಹೋಗಲು ಬಂದರು. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುವ ಜಾಗದ ಹತ್ತಿರ ಭಾವಮೈದುನನ ಡಿಟಿಪಿ ಅಂಗಡಿಯಿದೆ, ಸದ್ಯಕ್ಕೆ ಅಲ್ಲಿ ಎಂದರು. ನಮ್ಮ ಪರದೆಯ ಮೇಲೆ ಛತ್ರದ ಪುಟ ತೆರೆದಿತ್ತು. ಅವರು ಬಗ್ಗಿ, ಮೌಸಿನ ಬಲಗುಂಡಿ ಒತ್ತಿ, ಅದರ ಒಳಬರಹ ತೆರೆದು ಓದಿದರು. ಮಿಸ್ ಎದ್ದು ನಿಂತಳು.

"ಟೇಬಲ್ಲೇ ಹಾಕಿದ್ರಾ," ಎಂದರು.

"ಹ್ಞೂಂ ಸರ್. ನೀವು ಹೇಳಿದ್ದೇ."

"ಗೆರೆ ಕಾಣದ ಹಾಗೆ ಬಾರ್ಡರ್ ಸೊನ್ನೆ ಮಾಡಿದ್ದೀರಲ್ಲ. ಒಳ್ಳೇದು. ಹೊರಗಿಂದ ಯಾರಿಗೂ ಗೊತ್ತಾಗಲ್ಲ."

ಅದರಲ್ಲಿ ಕುಹಕವಿತ್ತೇ ಎಂದು ನಾನು ಅವರ ಮುಖ ನೋಡಿದೆ. ಇರಲಿಲ್ಲ. ಕೆಲಸ ನೋಡಿ ಹೇಳಿದ ಮಾತು ಅಷ್ಟೇ. ಅವರು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಬಾಗಿಲಲ್ಲಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಸ್ವಲ್ಪ ಹೊತ್ತು ಬಗ್ಗಿ ನಿಂತು, ಮೆಟ್ಟಿಲಿಳಿದು ಹೋದರು. ಅವರು ಇಳಿದು ಮುಗಿಯುವ ತನಕ ಮಿಸ್ ನಿಂತೇ ಇದ್ದಳು.